ಕಚೇರಿ ತಂತ್ರಾಂಶಗಳ ಸುಗಮ್ಯತಾ ಸಾಧನಗಳೂ ಕನ್ನಡ ಪಾಠವೂ: ಗಣೇಶಗುಡಿಯ ನೆಲೆಯಿಂದ ಒಂದು ವಿಮರ್ಶೆ

೧

ಬರವಣಿಗೆಗೂ ಪಾಠಕ್ಕೂ ನಾವು ದಿನನಿತ್ಯ ಬಳಸುವ ಕಚೇರಿ ತಂತ್ರಾಂಶಗಳಲ್ಲಿ, ಕಣ್ಣು ಕಾಣದವರಿಗೂ ಅಲ್ಪದೃಷ್ಟಿಯವರಿಗೂ ಓದಿನಲ್ಲಿ ತೊಡಕುಳ್ಳವರಿಗೂ ನೆರವಾಗುವ ಕೆಲವು ಸಾಧನಗಳು ಮೊದಲಿನಿಂದಲೇ ಅಡಕವಾಗಿವೆ. ಇವನ್ನು ಬೇರೆ ಕೊಳ್ಳಬೇಕಾಗಿಲ್ಲ, ಬೇರೆ ಯಂತ್ರವನ್ನು ತರಬೇಕಾಗಿಲ್ಲ. ಹೀಗಿದ್ದೂ ನಮ್ಮ ಕಾಲೇಜುಗಳ ಕನ್ನಡ ಪಾಠಟಿಪ್ಪಣಿಗಳಲ್ಲಿ ಇವುಗಳ ಉಪಯೋಗ ಕಾಣುವುದು ವಿರಳ. ಇದಕ್ಕೆ ಕಾರಣವೇನು, ಈ ಸಾಧನಗಳಲ್ಲಿ ಕನ್ನಡಕ್ಕೆ ಯಾವುವು ನಿಜವಾಗಿ ಸಲ್ಲುತ್ತವೆ, ಯಾವುವು ಹೆಸರಿಗೆ ಮಾತ್ರ ಇವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಚಾರವು ಗಾಳಿಯಲ್ಲಿ ತೇಲದೆ ಒಂದು ನೆಲದ ಮೇಲೆ ನಿಲ್ಲಲಿ ಎಂದು ನಾವು ಜೋಯಿಡಾ ತಾಲ್ಲೂಕಿನ ಗಣೇಶಗುಡಿಯನ್ನು ಎದುರಿಗೆ ಇಟ್ಟುಕೊಂಡಿದ್ದೇವೆ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು ಇರುವುದು ಇಲ್ಲಿಯೇ. ಆ ಜಲಾಶಯದಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ನೆಲೆ ತಪ್ಪಿದ ಎಷ್ಟೋ ಕುಟುಂಬಗಳು ರಾಮನಗರದ ಕಡೆಗೆ ಹೋಗಿ ನೆಲೆಸಿದುವು. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುತ್ತ, ಶಾಲೆಯಲ್ಲಿ ಕನ್ನಡವನ್ನು ಕಲಿತು, ಮುಂದೆ ಜೋಯಿಡಾ, ದಾಂಡೇಲಿ, ಹಳಿಯಾಳಗಳ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಈ ಭಾಗದಲ್ಲಿ ಅನೇಕರು. ನಾಡಿಗೆ ವಿದ್ಯುತ್ತನ್ನು ಕೊಡುವ ಈ ನೆಲದ ಕಾಡುಹಳ್ಳಿಗಳಲ್ಲಿ ಜಾಲಸಂಪರ್ಕ ಮಾತ್ರ ಇನ್ನೂ ಬಲವಾಗಿಲ್ಲ. ಈ ಎರಡು ಸಂಗತಿಗಳನ್ನು, ಎಂದರೆ ಭಾಷೆಗಳ ಬಹುತ್ವವನ್ನೂ ಸಂಪರ್ಕದ ಕೊರತೆಯನ್ನೂ ವಾಚಕರು ನೆನಪಿನಲ್ಲಿಡಬೇಕು. ಮುಂದಿನ ತೀರ್ಮಾನಗಳು ಬಹುಮಟ್ಟಿಗೆ ಇವುಗಳ ಮೇಲೆಯೇ ನಿಂತಿವೆ.

೨

ಕಿವಿಯಿಂದ ಕಲಿಯುವುದು ಕನ್ನಡಕ್ಕೆ ಹೊಸತೇನಲ್ಲ. ಗಮಕಿಗಳ ವಾಚನವನ್ನು ಕೇಳಿಯೇ ಭಾರತ ರಾಮಾಯಣಗಳನ್ನು ಅರಿತ ಜನ ನಮ್ಮವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಕಲಿಸಿ ಸ್ವತಂತ್ರರನ್ನಾಗಿ ಮಾಡಿದುದು ನಾಡಿಗೆಲ್ಲ ತಿಳಿದ ವಿಷಯ. ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ತಾವೇ ಅಂಧರಾಗಿದ್ದೂ ಗ್ರಂಥಕರ್ತರಾಗಿದ್ದರು. ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ ಶಾಲೆಯೊಂದು ೧೯೦೧ರಲ್ಲಿಯೇ ಆರಂಭವಾಯಿತು. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ೧೯೫೧ರಲ್ಲಿ ಅಂಗೀಕೃತವಾದ ಮೇಲೆ ಕನ್ನಡವೂ ಆ ಆರು ಚುಕ್ಕೆಗಳ ಲಿಪಿಯಲ್ಲಿ ಒಂದು ಸ್ಥಿರವಾದ ರೂಪವನ್ನು ಪಡೆಯಿತು.

ಆದರೆ ಈ ಎಲ್ಲ ಪ್ರಯತ್ನಗಳಲ್ಲಿ ಸಮಾನವಾದ ಒಂದು ಮಿತಿಯನ್ನು ಗಮನಿಸಬೇಕು. ಅಂಧ ವಿದ್ಯಾರ್ಥಿಯು ಇತರರಿಂದ ಬೇರೆಯಾದ ಶಾಲೆಗೆ ಹೋಗಬೇಕಾಗಿತ್ತು, ಇಲ್ಲವೆ ಇತರರ ಪುಸ್ತಕವನ್ನು ಅವನಿಗಾಗಿ ಬೇರೆಯಾಗಿ ಸಿದ್ಧಪಡಿಸಬೇಕಾಗಿತ್ತು, ಇಲ್ಲವೆ ಓದಿ ಹೇಳುವ ಒಬ್ಬರು ಅವನ ಬಳಿ ಇರಬೇಕಾಗಿತ್ತು. ಗಣಕಯಂತ್ರವು ತಂದ ವ್ಯತ್ಯಾಸವಾದರೂ ಇಷ್ಟೆ: ಎಲ್ಲರಿಗಾಗಿ ಸಿದ್ಧಪಡಿಸಿದ ಒಂದೇ ಕಡತವನ್ನು ಒಬ್ಬನು ಕಣ್ಣಿನಿಂದಲೂ ಇನ್ನೊಬ್ಬನು ಕಿವಿಯಿಂದಲೂ ಮತ್ತೊಬ್ಬನು ಬೆರಳಿನಿಂದಲೂ ಓದಬಹುದು. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಇದು ಸಾಧ್ಯವಾಗಿದೆ. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ, ಕಟ್ಟಿ ಬೆಳೆಸಿದರು. ೨೦೦೬ರಲ್ಲಿ ಆರಂಭವಾದ ಈ ತಂತ್ರಾಂಶ ಇಂದಿಗೂ ಉಚಿತವಾಗಿ ದೊರೆಯುತ್ತದೆ. ಇದರೊಡನೆ ಬರುವ ಇ-ಸ್ಪೀಕ್ ಎಂಬ ಧ್ವನಿಯು ಕನ್ನಡವನ್ನೂ ಓದಬಲ್ಲುದು. ಮಾನವನ ಧ್ವನಿಮುದ್ರಣವನ್ನು ಆಶ್ರಯಿಸದೆ ಸೂತ್ರಗಳಿಂದಲೇ ನಾದವನ್ನು ರಚಿಸುವುದರಿಂದ ಅದು ಕೇಳಲು ಒರಟು. ಆದರೆ ಗಾತ್ರದಲ್ಲಿ ಚಿಕ್ಕದು, ವೇಗದಲ್ಲಿ ಮುಂದು, ಜಾಲಸಂಪರ್ಕವಿಲ್ಲದೆಯೂ ಕೆಲಸ ಮಾಡುವಂತಹುದು. ಗಮಕಿಯ ಕಂಠವನ್ನು ಅದರಿಂದ ಅಪೇಕ್ಷಿಸುವುದು ತಪ್ಪು. ಅದು ಕಾವ್ಯವಾಚನವನ್ನು ಮಾಡುವುದಿಲ್ಲ. ಕಾವ್ಯದ ಬಳಿಗೆ ಹೋಗುವ ದಾರಿಯನ್ನು ಬಿಡಿಸಿಕೊಡುತ್ತದೆ.

೩

ಹೀಗೆ ಓದುವ ಯಂತ್ರವಿದೆ, ಕನ್ನಡದ ಧ್ವನಿಯಿದೆ. ಆದರೂ ವಿದ್ಯಾರ್ಥಿಗೆ ಪಾಠ ಕೇಳಿಸುವುದಿಲ್ಲ ಎಂದರೆ ದೋಷ ಎಲ್ಲಿದೆ? ಬಹುಪಾಲು ಸಂದರ್ಭಗಳಲ್ಲಿ ಅದು ನಾವು ಸಿದ್ಧಪಡಿಸುವ ಕಡತದಲ್ಲಿಯೇ ಇದೆ ಎಂಬುದು ನಮ್ಮ ಅಭಿಪ್ರಾಯ. ಇದರಲ್ಲಿ ಮೊದಲನೆಯದೂ ಅತಿ ಮುಖ್ಯವಾದುದೂ ಆದದ್ದು ಅಕ್ಷರಸಂಕೇತದ ಪ್ರಶ್ನೆ.

ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯಿದೆ. ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅಲ್ಲಿ ಸ್ಥಾನವಿದೆ. ಆದರೆ ಆ ಸಂಕೇತವು ಸಾಮಾನ್ಯ ಯಂತ್ರಗಳಲ್ಲಿ ಬಳಕೆಗೆ ಬರುವ ಮುನ್ನ ಕನ್ನಡವನ್ನು ಗಣಕದಲ್ಲಿ ಮೂಡಿಸಬೇಕಾಗಿದ್ದವರು ಬೇರೊಂದು ಉಪಾಯವನ್ನು ಹೂಡಿದರು. ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳೂ ‘ಬರಹ’ದ ಹಳೆಯ ಫಾಂಟುಗಳೂ ಈ ಬಗೆಯವು. ಆ ಕಾಲದಲ್ಲಿ ಇದರಿಂದ ಕನ್ನಡಕ್ಕಾದ ಉಪಕಾರ ದೊಡ್ಡದು. ಗಣಕದಲ್ಲಿ ಕನ್ನಡವನ್ನು ಬರೆಯುವ ಅಭ್ಯಾಸವನ್ನು ನಾಡಿನ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಕಲಿಸಿದವು ಇವೇ. ಈ ತಂತ್ರಾಂಶಗಳು ಮುಂದೆ ಯೂನಿಕೋಡನ್ನೂ ಅಳವಡಿಸಿಕೊಂಡವು. ಆದುದರಿಂದ ನಮ್ಮ ಟೀಕೆ ಅವುಗಳನ್ನು ಕುರಿತದ್ದಲ್ಲ. ಹೊಸ ದಾರಿ ತೆರೆದ ಮೇಲೆಯೂ ಹಳೆಯ ಫಾಂಟನ್ನು ಬಿಡದ ನಮ್ಮ ರೂಢಿಯನ್ನು ಕುರಿತದ್ದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ‘ಕನ್ನಡ’ ಎಂಬ ಪದವನ್ನು ಯೂನಿಕೋಡಿನಲ್ಲಿ ಬರೆದರೆ ಯಂತ್ರದ ಒಳಗೆ ಐದು ಸಂಕೇತಗಳು ಸೇರುತ್ತವೆ: ಕಕಾರ, ನಕಾರ, ಅರ್ಧಾಕ್ಷರದ ಚಿಹ್ನೆ, ಮತ್ತೆ ನಕಾರ, ಡಕಾರ. ಸ್ಕ್ರೀನ್ ರೀಡರ್ ಇದನ್ನು ಕಂಡು ‘ಕನ್ನಡ’ ಎಂದೇ ಓದುತ್ತದೆ. ಅದೇ ಪದವನ್ನು ನುಡಿಯ ಹಳೆಯ ಫಾಂಟಿನಲ್ಲಿ ಬರೆದರೆ ಒಳಗೆ ಏಳು ಸಂಕೇತಗಳಿರುತ್ತವೆ: ರೋಮನ್ ಪಿ ಅಕ್ಷರ, ತಲೆಯ ಮೇಲೆ ಗುರುತುಳ್ಳ ಎ ಅಕ್ಷರ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಸಕಾರ, ರೋಮನ್ ಕ್ಯು, ಕೊನೆಗೆ ಮತ್ತೊಮ್ಮೆ ಅದೇ ಎ. ಕಣ್ಣಿಗೆ ಎರಡೂ ಒಂದೇ. ಕಿವಿಗಾದರೋ ಒಂದು ಪದ, ಇನ್ನೊಂದು ಅರ್ಥವಿಲ್ಲದ ಗದ್ದಲ. ಪಂಪನ ಮೇಲೆ ಇಪ್ಪತ್ತು ಪುಟಗಳ ಉತ್ತಮ ಟಿಪ್ಪಣಿಯನ್ನು ಶ್ರಮಪಟ್ಟು ಬರೆದ ಅಧ್ಯಾಪಕನು ಅದನ್ನು ಈ ಹಳೆಯ ಫಾಂಟಿನಲ್ಲಿ ಕೊಟ್ಟರೆ, ಅಂಧ ವಿದ್ಯಾರ್ಥಿಯ ಪಾಲಿಗೆ ಆ ಟಿಪ್ಪಣಿ ಕನ್ನಡದಲ್ಲಿಯೇ ಇಲ್ಲ.

ಈ ರೂಢಿ ಉಳಿದಿರುವುದಕ್ಕೆ ಕಾರಣ ಹಟವೊಂದೇ ಅಲ್ಲ. ಪೇಜ್‌ಮೇಕರ್‌ನಂತಹ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುವುದಿಲ್ಲ; ಅನೇಕ ಮುದ್ರಣಾಲಯಗಳು ಇಂದಿಗೂ ಹಳೆಯ ಫಾಂಟಿನ ಕಡತವನ್ನೇ ಕೇಳುತ್ತವೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮೂಲಪ್ರತಿಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಿ, ಮುದ್ರಣಕ್ಕೆ ಬೇಕಾದಾಗ ಪರಿವರ್ತಕದಿಂದ ಹಳೆಯ ಸಂಕೇತಕ್ಕೆ ತಿರುಗಿಸಿ ಕೊಡಬಹುದು. ಇದರ ತಿರುವುಮುರುವು ಮಾಡಿದಾಗ, ಎಂದರೆ ಹಳೆಯ ಕಡತವನ್ನು ಯೂನಿಕೋಡಿಗೆ ತಂದಾಗ, ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಕೆಡುವ ಸಂಭವ ಉಂಟು. ಆಗ ಮತ್ತೊಮ್ಮೆ ಕರಡು ತಿದ್ದಬೇಕು. ಇನ್ನು ಹಳಗನ್ನಡದ ಱ, ೞ ಅಕ್ಷರಗಳಿಗೂ ಯೂನಿಕೋಡಿನಲ್ಲಿ ಸ್ಥಾನವಿರುವುದರಿಂದ, ಪ್ರಾಚೀನ ಪಠ್ಯಗಳಿಗೆ ಅದು ಸಾಲದು ಎಂಬ ಆಕ್ಷೇಪಕ್ಕೆ ಆಧಾರವಿಲ್ಲ.

ಎರಡನೆಯ ದೋಷವು ಚಿತ್ರರೂಪದ ಪಾಠ. ಪುಸ್ತಕದ ಪುಟಗಳ ಛಾಯಾಚಿತ್ರಗಳನ್ನು ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವುದು ಈಗ ಸಾಮಾನ್ಯವಾಗಿದೆ. ೧೯೫೫ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾದಂದಿನಿಂದ ಕಾಗದವು ಈ ಸೀಮೆಯ ಜನಜೀವನದಲ್ಲಿ ಸೇರಿಹೋಗಿದೆ. ಕಾಗದದ ಪುಟದ ಚಿತ್ರವಾದರೋ ಯಂತ್ರಕ್ಕೆ ಕಾಗದದಷ್ಟೇ ಮೂಕ. ಅಲ್ಪದೃಷ್ಟಿಯ ವಿದ್ಯಾರ್ಥಿ ಅದನ್ನು ಹಿಗ್ಗಿಸಿದರೆ ಅಕ್ಷರ ಮಸುಕಾಗುತ್ತದೆ, ಸಾಲಿನ ತುದಿ ಪರದೆಯ ಆಚೆಗೆ ಸರಿಯುತ್ತದೆ. ಅದೇ ಪಾಠ ಅಕ್ಷರರೂಪದಲ್ಲಿದ್ದರೆ ಎಷ್ಟು ದೊಡ್ಡದು ಮಾಡಿದರೂ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುವಂತೆ ಮಾಡಬಹುದು. ಕಡತವೂ ಹಗುರವಾಗಿದ್ದು ದುರ್ಬಲ ಸಂಪರ್ಕದಲ್ಲಿಯೂ ಬೇಗ ತಲುಪುತ್ತದೆ. ಗಣೇಶಗುಡಿಯಂತಹ ಸ್ಥಳದಲ್ಲಿ ಈ ಕೊನೆಯ ಪ್ರಯೋಜನ ಎಲ್ಲ ವಿದ್ಯಾರ್ಥಿಗಳಿಗೂ ಸಲ್ಲುವಂತಹುದು.

೪

ಇನ್ನು ತಂತ್ರಾಂಶದೊಳಗಿನ ಸಾಧನಗಳನ್ನು ನೋಡೋಣ. ಇವನ್ನು ನಾವು ಎರಡು ವರ್ಗಗಳಾಗಿ ವಿಂಗಡಿಸುತ್ತೇವೆ. ಮೊದಲನೆಯವು ಕಡತದಲ್ಲಿ ನೆಲೆಸುವಂತಹವು: ಶೀರ್ಷಿಕೆಗಳ ಸ್ಟೈಲ್, ಚಿತ್ರಗಳ ಪರ್ಯಾಯ ಪಠ್ಯ, ಕೋಷ್ಟಕದ ತಲೆಸಾಲು, ಭಾಷೆಯ ಗುರುತು. ಒಮ್ಮೆ ಅಧ್ಯಾಪಕನು ಇವನ್ನು ಹಾಕಿದರೆ ಕಡತ ಹೋದಲ್ಲೆಲ್ಲ ಅವೂ ಹೋಗುತ್ತವೆ. ಎರಡನೆಯವು ದೂರದ ಯಂತ್ರಗಳಿಂದ ಒದಗುವಂತಹವು: ಮಾತನ್ನು ಬರಹವಾಗಿಸುವುದು, ಉಪನ್ಯಾಸ ನಡೆಯುತ್ತಿರುವಾಗಲೇ ಅದರ ಮಾತುಗಳನ್ನು ಪರದೆಯ ಮೇಲೆ ಮೂಡಿಸುವುದು, ಸಹಜಧ್ವನಿಯಲ್ಲಿ ಓದಿಸುವುದು. ಪ್ರಚಾರದಲ್ಲಿ ಹೆಚ್ಚಾಗಿ ಕೇಳಿಬರುವುದು ಎರಡನೆಯ ವರ್ಗ. ಇಲ್ಲಿಯ ವಿದ್ಯಾರ್ಥಿಗೆ ಹೆಚ್ಚು ಉಪಕಾರಿಯಾದದ್ದು ಮೊದಲನೆಯ ವರ್ಗವೆಂದು ನಮಗೆ ತೋರುತ್ತದೆ.

ಶೀರ್ಷಿಕೆಯನ್ನು ತೆಗೆದುಕೊಳ್ಳಿರಿ. ಸಾಮಾನ್ಯವಾಗಿ ನಾವು ಅಧ್ಯಾಯದ ಹೆಸರನ್ನು ದಪ್ಪಕ್ಷರದಲ್ಲಿ ದೊಡ್ಡದಾಗಿ ಮಾಡಿ ಸುಮ್ಮನಾಗುತ್ತೇವೆ. ಕಣ್ಣಿಗೆ ಅದು ಶೀರ್ಷಿಕೆ. ಯಂತ್ರಕ್ಕೆ ಅದು ದಪ್ಪವಾದ ಒಂದು ಸಾಲು ಮಾತ್ರ. ವರ್ಡ್‌ನಲ್ಲಾಗಲಿ ಲಿಬ್ರೆ ಆಫೀಸ್‌ನಲ್ಲಾಗಲಿ ‘ಹೆಡಿಂಗ್’ ಎಂಬ ಸ್ಟೈಲನ್ನು ಆರಿಸಿ ಕೊಟ್ಟರೆ, ಸ್ಕ್ರೀನ್ ರೀಡರ್ ಬಳಸುವವನು ಒಂದು ಕೀಲಿಯನ್ನು ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ದಾಟಬಹುದು. ಕಣ್ಣುಳ್ಳವನು ಪುಟ ತಿರುವುತ್ತ ಮೇಲುನೋಟದಿಂದ ತನಗೆ ಬೇಕಾದ ಭಾಗವನ್ನು ಹುಡುಕುವುದಕ್ಕೆ ಇದು ಸಮಾನವಾದ ಕ್ರಿಯೆ. ಸ್ಟೈಲ್ ಇಲ್ಲದ ಐವತ್ತು ಪುಟಗಳ ಟಿಪ್ಪಣಿಯಲ್ಲಿ ‘ರನ್ನನ ಗದಾಯುದ್ಧ’ ಎಂಬ ಭಾಗ ಎಲ್ಲಿದೆಯೆಂದು ತಿಳಿಯಲು ಅವನು ಮೊದಲಿನಿಂದ ಎಲ್ಲವನ್ನೂ ಕೇಳುತ್ತ ಕೂರಬೇಕಾದೀತು. ಪರೀಕ್ಷೆಯ ಹಿಂದಿನ ದಿನ ಅದು ಎಂತಹ ಶಿಕ್ಷೆಯೆಂಬುದನ್ನು ಊಹಿಸಬಹುದು.

ಪರ್ಯಾಯ ಪಠ್ಯವೆಂದರೆ ಚಿತ್ರದ ಹಿಂದೆ ಅದರ ಅರ್ಥವನ್ನು ಬರೆದಿಡುವುದು. ಇಲ್ಲಿ ಭಾಷಾಧ್ಯಾಪಕನ ವಿವೇಕ ಪರೀಕ್ಷೆಗೆ ಒಳಗಾಗುತ್ತದೆ. ಹಲ್ಮಿಡಿ ಶಾಸನದ ಚಿತ್ರಕ್ಕೆ ‘ಶಾಸನದ ಚಿತ್ರ’ ಎಂದು ಬರೆದರೆ ನಿಯಮ ಪಾಲನೆಯಾಯಿತು, ಪ್ರಯೋಜನ ಶೂನ್ಯ. ‘ಮೇಲ್ಭಾಗದಲ್ಲಿ ಚಕ್ರದ ಕೆತ್ತನೆಯುಳ್ಳ ನೀಳವಾದ ಕಲ್ಲು, ಅದರ ಮೇಲೆ ಹದಿನಾರು ಸಾಲುಗಳ ಬರಹ, ಪಾಠವನ್ನು ಕೆಳಗೆ ಕೊಟ್ಟಿದೆ’ ಎಂದು ಬರೆದು, ಕೆಳಗೆ ಶಾಸನಪಾಠವನ್ನು ಅಕ್ಷರರೂಪದಲ್ಲಿ ಕೊಟ್ಟರೆ ಅದು ಬೋಧನೆ. ಚಿತ್ರದಲ್ಲಿ ಏನನ್ನು ನೋಡಬೇಕೆಂಬುದನ್ನು ಇಷ್ಟು ಖಚಿತವಾಗಿ ಹೇಳಬೇಕಾಗಿ ಬಂದಾಗ, ಕಣ್ಣುಳ್ಳ ವಿದ್ಯಾರ್ಥಿಗೂ ಆ ಚಿತ್ರ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ಛಂದಸ್ಸಿನ ಪಾಠದಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಪ್ರಸ್ತಾರ ಹಾಕುವಾಗ ನಾವು ಅಕ್ಷರಗಳ ತಲೆಯ ಮೇಲೆ ಗುರುಲಘುಗಳ ಗೆರೆಗಳನ್ನು ಎಳೆಯುತ್ತೇವೆ. ಗಣಕದಲ್ಲಿ ಇದನ್ನು ಸಾಧಿಸಲು ಮೇಲಿನ ಸಾಲಿನಲ್ಲಿ ಚಿಹ್ನೆಗಳನ್ನೂ ಕೆಳಗಿನ ಸಾಲಿನಲ್ಲಿ ಪದ್ಯವನ್ನೂ ಬರೆದು, ನಡುವೆ ಖಾಲಿ ಜಾಗಗಳನ್ನು ಒತ್ತಿ ಹೊಂದಿಸುವುದು ವಾಡಿಕೆ. ಸ್ಕ್ರೀನ್ ರೀಡರ್ ಮೊದಲು ಚಿಹ್ನೆಗಳ ಸಾಲನ್ನೆಲ್ಲ ಓದಿ, ಅನಂತರ ಪದ್ಯದ ಸಾಲನ್ನು ಓದುತ್ತದೆ. ಯಾವ ಅಕ್ಷರಕ್ಕೆ ಯಾವ ಮಾತ್ರೆಯೆಂಬ ಸಂಬಂಧವೇ ಕಡಿದುಹೋಗುತ್ತದೆ. ಇದರ ಬದಲು ಕೋಷ್ಟಕವನ್ನು ಹಾಕಿ, ಗಣಕ್ಕೊಂದು ಮನೆಯಂತೆ ಅಕ್ಷರಗಳನ್ನೂ ಅವುಗಳ ಗುರುಲಘುಗಳನ್ನೂ ಒಂದೇ ಮನೆಯಲ್ಲಿ ಪದರೂಪವಾಗಿ ಬರೆಯಬಹುದು. ಕಂದಪದ್ಯವಾದರೆ ನಾಲ್ಕು ಸಾಲು. ಒಂದು ಮತ್ತು ಮೂರನೆಯ ಪಾದಗಳಿಗೆ ಮೂರು ಗಣ, ಎರಡು ಮತ್ತು ನಾಲ್ಕನೆಯ ಪಾದಗಳಿಗೆ ಐದು ಗಣ. ನಾಲ್ಕು ಮಾತ್ರೆಯ ಹದಿನಾರು ಗಣಗಳಿಂದ ಒಟ್ಟು ಅರುವತ್ತನಾಲ್ಕು ಮಾತ್ರೆ. ಪದ್ಯದ ಈ ಕಟ್ಟು ಕೋಷ್ಟಕದ ಕಟ್ಟಿನಲ್ಲಿಯೇ ಕೇಳಿಸುತ್ತದೆ. ಮನೆಗಳನ್ನು ಒಂದರೊಡನೊಂದು ಕೂಡಿಸಬಾರದು, ಮೊದಲ ಸಾಲನ್ನು ತಲೆಸಾಲೆಂದು ಗುರುತಿಸಬೇಕು ಎಂಬ ಎರಡು ನಿಯಮಗಳನ್ನು ಪಾಲಿಸಿದರೆ ಸಾಕು.

ಬಣ್ಣದ ವಿಷಯವೂ ಇಲ್ಲಿಗೆ ಸೇರಿದುದೇ. ಸಂಧಿಯಾದ ಸ್ಥಳವನ್ನು ಕೆಂಪಿನಲ್ಲಿಯೂ ಸಮಾಸವನ್ನು ಹಸುರಿನಲ್ಲಿಯೂ ತೋರಿಸುವ ಅಧ್ಯಾಪಕರಿದ್ದಾರೆ. ಈ ಎರಡು ಬಣ್ಣಗಳ ಭೇದವನ್ನೇ ಕಾಣಲಾರದವರು ತರಗತಿಯಲ್ಲಿ ಇರಬಹುದು. ಬಣ್ಣದೊಡನೆ ಒಂದು ಮಾತನ್ನೋ ಚಿಹ್ನೆಯನ್ನೋ ಸೇರಿಸಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂತಿಯ ಅಂತರ ಸಾಮಾನ್ಯ ಗಾತ್ರದ ಬರಹದಲ್ಲಿ ಕನಿಷ್ಠ ೪.೫ಕ್ಕೆ ೧ರ ಪ್ರಮಾಣದಲ್ಲಿರಬೇಕೆಂದು ಅಂತರರಾಷ್ಟ್ರೀಯ ಸೂತ್ರಗಳು ವಿಧಿಸಿವೆ.

ಎರಡನೆಯ ವರ್ಗದ ಸಾಧನಗಳನ್ನು ನಾವು ತಿರಸ್ಕರಿಸುವುದಿಲ್ಲ. ೨೦೧೭ರಲ್ಲಿ ಗೂಗಲ್ ಸಂಸ್ಥೆಯ ಧ್ವನಿಲೇಖನಕ್ಕೆ ಕನ್ನಡ ಸೇರಿದ ಮೇಲೆ, ಕೈಯಾಡದ ವಿದ್ಯಾರ್ಥಿಯೂ ತನ್ನ ಉತ್ತರವನ್ನು ತಾನೇ ನುಡಿದು ಬರೆಯುವುದು ಸಾಧ್ಯವಾಯಿತು. ಉಪನ್ಯಾಸದ ಮಾತುಗಳು ಪರದೆಯ ಮೇಲೆ ಮೂಡಿದರೆ ಕಿವಿ ಮಂದವಾದವರಿಗೆ ಅದರಿಂದಾಗುವ ಉಪಕಾರ ಸಣ್ಣದಲ್ಲ. ಆದರೆ ವರ್ಡ್‌ನ ಧ್ವನಿಲೇಖನಕ್ಕೂ ಗೂಗಲ್ ಡಾಕ್ಸ್‌ನ ಧ್ವನಿಲೇಖನಕ್ಕೂ ಜಾಲಸಂಪರ್ಕ ಬೇಕು. ಮನೆಯಲ್ಲಿ ಸಂಪರ್ಕ ಸಿಗದೆ ಬಸ್ ನಿಲ್ದಾಣದವರೆಗೆ ನಡೆದು ಬರಬೇಕಾದವನಿಗೆ ಇವು ಪಾಠಪ್ರವಚನದ ಆಧಾರವಾಗಲಾರವು. ಸಿಕ್ಕಿದಾಗ ಒದಗುವ ಸಹಾಯವಾಗಬಹುದು.

೫

ಕಡತವನ್ನು ಪರೀಕ್ಷಿಸಿ ದೋಷಗಳನ್ನು ಪಟ್ಟಿಮಾಡಿ ಕೊಡುವ ಸುಗಮ್ಯತಾ ಪರೀಕ್ಷಕವೊಂದು ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ೨೦೧೦ರ ಆವೃತ್ತಿಯಿಂದ ಇದೆ. ಲಿಬ್ರೆ ಆಫೀಸ್‌ನ ಈಚಿನ ಆವೃತ್ತಿಗಳಲ್ಲಿಯೂ ಇಂತಹುದು ಸೇರಿದೆ. ಕಾಗುಣಿತ ಪರೀಕ್ಷಕವನ್ನು ಓಡಿಸುವಷ್ಟೇ ಸುಲಭವಾಗಿ ಇದನ್ನು ಓಡಿಸಬಹುದು. ಪರ್ಯಾಯ ಪಠ್ಯವಿಲ್ಲದ ಚಿತ್ರ, ತಲೆಸಾಲಿಲ್ಲದ ಕೋಷ್ಟಕ, ಕಾಂತಿಯ ಅಂತರ ಸಾಲದ ಬರಹ ಮೊದಲಾದುವನ್ನು ಅದು ತೋರಿಸಿಕೊಡುತ್ತದೆ. ಪ್ರತಿಯೊಬ್ಬ ಅಧ್ಯಾಪಕನೂ ಇದನ್ನು ಬಳಸಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ವಿಮರ್ಶಕನ ದೃಷ್ಟಿಯಿಂದ ಇದರ ಮಿತಿಗಳನ್ನೂ ಹೇಳಲೇಬೇಕು. ಪರ್ಯಾಯ ಪಠ್ಯ ಇದೆಯೇ ಇಲ್ಲವೇ ಎಂಬುದನ್ನು ಅದು ಬಲ್ಲುದು. ಆ ಪಠ್ಯಕ್ಕೆ ಅರ್ಥವಿದೆಯೇ ಎಂಬುದನ್ನು ಅರಿಯದು. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಹಳೆಯ ಫಾಂಟಿನಲ್ಲಿ ಬರೆದ ಕನ್ನಡ ಕಡತವನ್ನು ಅದರ ಮುಂದೆ ಇಟ್ಟರೆ, ಅಲ್ಲಿರುವುದು ರೋಮನ್ ಅಕ್ಷರಗಳೆಂದೇ ಅದು ಬಗೆಯುತ್ತದೆ. ಶೀರ್ಷಿಕೆ, ಚಿತ್ರ, ಕೋಷ್ಟಕಗಳು ಸರಿಯಾಗಿದ್ದರೆ ದೋಷವೇನೂ ಇಲ್ಲವೆಂದು ಸಾರುತ್ತದೆ. ಎಂದರೆ ಒಂದಕ್ಷರವೂ ಕಿವಿಗೆ ಅರ್ಥವಾಗದ ಕಡತ ನಿರ್ದೋಷವೆನಿಸಿಕೊಳ್ಳುತ್ತದೆ. ಇಂಗ್ಲಿಷಿನ ಅನುಭವದ ಮೇಲೆ ಕಟ್ಟಿದ ಪರೀಕ್ಷೆಯು ಕನ್ನಡದ ಮುಖ್ಯ ದೋಷವನ್ನೇ ಕಾಣದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಆದುದರಿಂದ ಕನ್ನಡ ಕಡತಗಳಿಗೆ ಯಂತ್ರದ ಪರೀಕ್ಷೆಯ ಜೊತೆಗೆ ಕಿವಿಯ ಪರೀಕ್ಷೆಯೂ ಅವಶ್ಯ. ಕಳುಹಿಸುವ ಮುನ್ನ ಎನ್‌ವಿಡಿಎಯಿಂದಲೋ ಫೋನಿನ ಟಾಕ್‌ಬ್ಯಾಕ್‌ನಿಂದಲೋ ಒಂದು ಪುಟವನ್ನು ಓದಿಸಿ ಕೇಳಿದರೆ ಸತ್ಯ ತಿಳಿಯುತ್ತದೆ.

ಕನ್ನಡ ಬರಹಕ್ಕೆ ಭಾಷೆಯ ಗುರುತು ಇಂಗ್ಲಿಷ್ ಎಂದು ಉಳಿದುಬಿಡುವುದು ಇನ್ನೊಂದು ಸಾಮಾನ್ಯ ದೋಷ. ಇದರಿಂದ ಓದುವ ಯಂತ್ರವು ತಪ್ಪು ಧ್ವನಿಯನ್ನು ಆರಿಸುವ ಸಂಭವವಿದೆ. ಕಡತವನ್ನು ಪಿಡಿಎಫ್ ಮಾಡುವಾಗ ‘ಮುದ್ರಿಸು’ ಎಂಬ ದಾರಿಯಿಂದ ಮಾಡಿದರೆ ಶೀರ್ಷಿಕೆಗಳ ಗುರುತುಗಳು ಕಳೆದುಹೋಗುತ್ತವೆ. ತಂತ್ರಾಂಶದ ‘ಪಿಡಿಎಫ್ ಆಗಿ ಉಳಿಸು’ ಅಥವಾ ‘ರಫ್ತು ಮಾಡು’ ಎಂಬ ದಾರಿಯಿಂದ ಮಾಡಿದರೆ ಅವು ಉಳಿಯುವಂತೆ ಮಾಡಬಹುದು. ನೋಡಲು ಒಂದೇ ಬಗೆಯಾದ ಎರಡು ಪಿಡಿಎಫ್‌ಗಳಲ್ಲಿ ಹೀಗೆ ಒಂದು ಸುಗಮವೂ ಇನ್ನೊಂದು ದುರ್ಗಮವೂ ಆಗಿರಬಹುದು.

೬

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಈಗ ಪರಿಶೀಲಿಸಬೇಕು.

ಅಂತಹ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲಿ ಎಷ್ಟು ಮಂದಿ ಎಂಬುದು ಮೊದಲ ಆಕ್ಷೇಪ. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಂಗವೈಕಲ್ಯವುಳ್ಳವರು ೨.೬೮ ಕೋಟಿ, ಜನಸಂಖ್ಯೆಯ ಶೇಕಡ ೨.೨೧. ಆಗಿನ್ನೂ ೧೯೯೫ರ ಕಾಯಿದೆ ಜಾರಿಯಲ್ಲಿತ್ತು. ಅದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. ೨೦೧೬ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಅದನ್ನು ಇಪ್ಪತ್ತೊಂದಕ್ಕೆ ವಿಸ್ತರಿಸಿ, ಓದುಬರಹದ ಕಲಿಕೆಯಲ್ಲಿನ ವಿಶಿಷ್ಟ ತೊಡಕನ್ನೂ ಒಳಗೊಂಡಿತು. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ ೫ರಷ್ಟು ಸ್ಥಾನಗಳನ್ನು ಇವರಿಗೆ ಕಾದಿರಿಸಬೇಕೆಂದು ವಿಧಿಸಿತು. ತರಗತಿಯಲ್ಲಿ ಇಂದು ಯಾರೂ ಕಾಣದಿದ್ದರೆ ಅವರು ಇಲ್ಲವೆಂದು ಅರ್ಥವಲ್ಲ. ಬರಲು ದಾರಿಯಿಲ್ಲದೆ ಹಿಂದೆಯೇ ನಿಂತಿರಬಹುದು. ಇನ್ನು ಮನೆಯಲ್ಲಿ ಕೊಂಕಣಿ ಆಡುವ ವಿದ್ಯಾರ್ಥಿಗೆ ಗ್ರಾಂಥಿಕ ಕನ್ನಡದ ಸಾಲನ್ನು ಕಣ್ಣಿನಿಂದ ನೋಡುತ್ತ ಕಿವಿಯಿಂದ ಕೇಳುವ ಅವಕಾಶ ದೊರೆತರೆ, ಪದಗಳ ಉಚ್ಚಾರಣೆಯೂ ಬಿಡಿಕೆಯೂ ಒಟ್ಟಿಗೆ ತಿಳಿಯುತ್ತವೆ. ಹೀಗೆ ಸುಗಮವಾದ ಕಡತದಿಂದ ಪ್ರಯೋಜನ ಪಡೆಯುವವರ ಸಂಖ್ಯೆ ಆಕ್ಷೇಪಕರು ಎಣಿಸುವುದಕ್ಕಿಂತ ದೊಡ್ಡದು.

ಪರೀಕ್ಷೆಯಲ್ಲಿ ಲಿಪಿಕಾರರನ್ನು ಒದಗಿಸುತ್ತೇವಲ್ಲ, ಅಷ್ಟು ಸಾಲದೆ ಎಂಬುದು ಎರಡನೆಯದು. ಲಿಪಿಕಾರರ ನೆರವು ವಿದ್ಯಾರ್ಥಿಯ ಹಕ್ಕು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಕಾಶ್ ಕುಮಾರ್ ಪ್ರಕರಣದಲ್ಲಿ ಆ ಹಕ್ಕನ್ನು ಎತ್ತಿಹಿಡಿದಿದೆ. ಆದರೆ ಲಿಪಿಕಾರರು ಮೂರು ಗಂಟೆಯ ಪರೀಕ್ಷೆಗೆ ಬರುತ್ತಾರೆ. ಓದು ವರ್ಷವೆಲ್ಲ ನಡೆಯಬೇಕಾದದ್ದು. ಒಂದೇ ಪದ್ಯವನ್ನು ಹತ್ತು ಸಲ ಕೇಳಬೇಕೆನಿಸಿದವನು ಇನ್ನೊಬ್ಬರನ್ನು ಹತ್ತು ಸಲ ಕೇಳಿಕೊಳ್ಳಲಾರ. ಸಂಕೋಚವಿಲ್ಲದೆ ತಪ್ಪುತ್ತ, ಮರಳಿ ಕೇಳುತ್ತ, ತನ್ನ ವೇಗದಲ್ಲಿ ಓದುವ ಸ್ವಾತಂತ್ರ್ಯವೇ ವಿದ್ಯಾಭ್ಯಾಸದ ತಿರುಳು. ಅದನ್ನು ಯಂತ್ರವು ಕೊಡಬಲ್ಲುದು, ಕಡತ ಸರಿಯಾಗಿದ್ದರೆ.

ಗ್ರಂಥಸ್ವಾಮ್ಯದ ಭಯ ಮೂರನೆಯದು. ಪಠ್ಯಪುಸ್ತಕವನ್ನು ಅಕ್ಷರರೂಪಕ್ಕೆ ತಂದರೆ ಅಪರಾಧವಾದೀತೆಂದು ಕೆಲವರು ಹಿಂಜರಿಯುತ್ತಾರೆ. ೨೦೧೨ರ ತಿದ್ದುಪಡಿಯಿಂದ ಗ್ರಂಥಸ್ವಾಮ್ಯ ಕಾಯಿದೆಯು ವಿಕಲಾಂಗರ ಖಾಸಗಿ ಉಪಯೋಗಕ್ಕಾಗಿಯೂ ಅಧ್ಯಯನಕ್ಕಾಗಿಯೂ ಕೃತಿಗಳನ್ನು ಸುಗಮರೂಪಕ್ಕೆ ತರುವುದಕ್ಕೆ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ೨೦೧೩ರ ಮರಾಕೇಶ್ ಒಪ್ಪಂದವನ್ನು ೨೦೧೪ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದ್ದು ಭಾರತವೇ. ೨೦೧೬ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವು ಇಂತಹ ಗ್ರಂಥಗಳನ್ನು ಒಂದೆಡೆ ಕೂಡಿಸುತ್ತಿದೆ. ಅಲ್ಲಿ ಕನ್ನಡದ ಪಠ್ಯಗಳು ಬೆಳೆಯಬೇಕಾದರೆ ಕನ್ನಡ ವಿಭಾಗಗಳೇ ಮುಂದೆ ಬರಬೇಕು.

ಕೊನೆಯದು ಸಮಯದ ಆಕ್ಷೇಪ. ಸಿದ್ಧವಾದ ಕಡತವನ್ನು ಮತ್ತೆ ತಿದ್ದುವುದಕ್ಕೆ ಹೊತ್ತು ಹಿಡಿಯುತ್ತದೆಂಬುದು ನಿಜ. ಮೊದಲೇ ಯೂನಿಕೋಡಿನಲ್ಲಿ ಬರೆದು, ಬರೆಯುತ್ತಲೇ ಸ್ಟೈಲ್ ಕೊಡುವ ಅಭ್ಯಾಸವಾದರೆ ಅಧಿಕಶ್ರಮ ಅತ್ಯಲ್ಪ. ಪರಿವಿಡಿಯನ್ನು ತಂತ್ರಾಂಶವೇ ಸಿದ್ಧಪಡಿಸಿಕೊಡುವುದರಿಂದ ಉಳಿತಾಯವೂ ಉಂಟು. ಪಾಠದ ಕೊನೆಯಲ್ಲಿ ನೆನಪಾಗುವ ದಯೆಗಿಂತ ಆರಂಭದಲ್ಲಿ ಇಟ್ಟುಕೊಳ್ಳುವ ಕ್ರಮ ಹೆಚ್ಚು ಬಾಳಿಕೆ ಬರುತ್ತದೆ.

೭

ಇದು ಅಧ್ಯಾಪಕರ ಸೌಜನ್ಯಕ್ಕೆ ಬಿಟ್ಟ ವಿಷಯವಾಗಿಯೂ ಉಳಿದಿಲ್ಲ. ೨೦೧೬ರ ಕಾಯಿದೆ ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಉನ್ನತ ಶಿಕ್ಷಣ ಸಂಸ್ಥೆಗಳ ಸುಗಮ್ಯತೆಯನ್ನು ಕುರಿತು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೨೨ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ೨೦೨೪ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪನ್ನು ನೀಡುತ್ತ ಸರ್ವೋಚ್ಚ ನ್ಯಾಯಾಲಯವು, ಸುಗಮ್ಯತೆಯ ನಿಯಮಗಳು ಕೇವಲ ಸಲಹೆಯ ರೂಪದಲ್ಲಿರುವುದು ಕಾಯಿದೆಯ ಆಶಯಕ್ಕೆ ವಿರುದ್ಧವೆಂದೂ, ಕಡ್ಡಾಯವಾದ ಮಾನದಂಡಗಳನ್ನು ರೂಪಿಸಬೇಕೆಂದೂ ನಿರ್ಣಯಿಸಿತು. ಹೀಗಿದ್ದರೂ ಕಾಯಿದೆಗಳು ಫಾಂಟಿನ ಒಳಗೆ ಇಳಿದು ನೋಡಲಾರವು. ಆ ಕೆಲಸ ಭಾಷೆಯನ್ನು ಬಲ್ಲವರದು.

ಸಾರಾಂಶವಾಗಿ ನಮ್ಮ ಸೂಚನೆಗಳು ಇವು. ಕನ್ನಡ ವಿಭಾಗಗಳು ತಮ್ಮ ಪಾಠಟಿಪ್ಪಣಿ, ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಸಂಶೋಧನ ಪ್ರಬಂಧಗಳನ್ನು ಯೂನಿಕೋಡಿನಲ್ಲಿಯೇ ಸಿದ್ಧಪಡಿಸತಕ್ಕದ್ದು. ಶೀರ್ಷಿಕೆ, ಚಿತ್ರ, ಕೋಷ್ಟಕಗಳಿಗೆ ಮೇಲೆ ಹೇಳಿದ ಗುರುತುಗಳನ್ನು ಕೊಡತಕ್ಕದ್ದು. ಪದವಿ ತರಗತಿಗಳ ಭಾಷಾಕೌಶಲ ಪಾಠದಲ್ಲಿ, ಪತ್ರಲೇಖನವನ್ನು ಕಲಿಸುವಂತೆಯೇ ಸುಗಮವಾದ ಕಡತವನ್ನು ಬರೆಯುವ ಕ್ರಮವನ್ನೂ ಕಲಿಸತಕ್ಕದ್ದು. ಹಳಗನ್ನಡ ಪಠ್ಯಗಳಿಗೂ ಛಂದಸ್ಸಿಗೂ ಶಾಸನಗಳಿಗೂ ಹೊಂದುವ ಮಾದರಿಗಳನ್ನು ಕನ್ನಡ ವಿದ್ವಾಂಸರೇ ರಚಿಸತಕ್ಕದ್ದು. ಇಂಗ್ಲಿಷಿನಲ್ಲಿ ಬಂದ ಸೂತ್ರಗಳು ಪ್ರಸ್ತಾರವನ್ನೂ ಒತ್ತಕ್ಷರವನ್ನೂ ಅರಿಯವು. ಹಳೆಯ ಫಾಂಟುಗಳಲ್ಲಿ ಉಳಿದಿರುವ ಉತ್ತಮ ಟಿಪ್ಪಣಿಗಳನ್ನು ವರ್ಷಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡು ಪರಿವರ್ತಿಸಿ, ಕರಡು ತಿದ್ದಿ ಇಡತಕ್ಕದ್ದು.

ಗಣೇಶಗುಡಿಯಿಂದ ದಾಂಡೇಲಿಗೋ ಜೋಯಿಡಾಕ್ಕೋ ಬಸ್ಸಿನಲ್ಲಿ ಹೋಗಿಬರುವ ಅಲ್ಪದೃಷ್ಟಿಯ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಕಾಲೇಜಿನಲ್ಲಿ ಸಂಪರ್ಕವಿರುವಾಗ ಅವಳು ಟಿಪ್ಪಣಿಯನ್ನು ಫೋನಿಗೆ ಇಳಿಸಿಕೊಳ್ಳುತ್ತಾಳೆ. ಕಾಡಿನ ದಾರಿಯಲ್ಲಿ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವಳಿಗೆ ದೂರದ ಯಾವ ಯಂತ್ರದ ನೆರವೂ ಇಲ್ಲ. ಇರುವುದು ಫೋನಿನೊಳಗಿನ ಕನ್ನಡದ ಧ್ವನಿ ಮತ್ತು ಅಧ್ಯಾಪಕರು ಸಿದ್ಧಪಡಿಸಿದ ಕಡತ. ಆ ಕಡತ ಓದಿಸಿಕೊಳ್ಳುವಂತಹುದಾಗಿದ್ದರೆ ಮನೆ ಮುಟ್ಟುವುದರೊಳಗೆ ಅವಳು ಒಂದು ಪಾಠವನ್ನು ಮುಗಿಸಿರುತ್ತಾಳೆ. ಇಷ್ಟನ್ನು ಸಾಧಿಸುವುದಕ್ಕೆ ಹೊಸ ಅನುದಾನ ಬೇಕಾಗಿಲ್ಲ. ಈಗಿರುವ ತಂತ್ರಾಂಶ ಸಾಕು. ಮುಂದಿನ ಶೈಕ್ಷಣಿಕ ವರ್ಷದ ಮೊದಲ ಟಿಪ್ಪಣಿಯಿಂದಲೇ ಈ ಕೆಲಸವನ್ನು ಆರಂಭಿಸಬೇಕೆಂದು ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿಜ್ಞಾಪನೆ.